ಡಿಎಸ್‌ಎಲ್‌ಆರ್ ಹೋಯಿತು, ಹಳೇ ಡಬ್ಬಿ ಉಳಿಯಿತು

ಕಳೆದ ದೀಪಾವಳಿ ರಜೆಯಲ್ಲಿ ಬ್ಯಾಡಗಿಯ ನಮ್ಮ ಮನೆಯಲ್ಲಿ ಅವ್ವನ ಹೊಲಿಗೆ ಯಂತ್ರದ ಖಾನೆಯೊಳಗೆ ಕತ್ತರಿ ಹುಡುಕುತ್ತಿದ್ದೆ. ಕತ್ತರಿಯ ಬದಲು ಸ್ವಸಹಾಯ ಸಂಘದ ಪಾಸ್‌ಬುಕ್ ಸಿಕ್ಕಿತು. ಸುಮ್ಮನೆ ತೆರೆದು ನೋಡಿದೆ. 50 ಸಾವಿರ ರೂಪಾಯಿ ಸಾಲ, ವಾರಕ್ಕೆ 550ರಂತೆ 104 ಕಂತು. ಮೊದಲ ಕಂತಿನ ತಾರೀಖು ನೋಡಿದಾಗ ಎದೆ ಧಸಕ್ಕೆಂದಿತು. ಅದು ನಾನು ಡಿಎಸ್‌ಎಲ್‌ಆರ್ ಕೊಂಡ ಮರುವಾರ.

ಕ್ಯಾಮೆರಾಕ್ಕೆ ದುಡ್ಡು ಎಲ್ಲಿಂದ ಬಂತು ಎಂದು ನಾನು ಆಗ ಕೇಳಿಯೇ ಇರಲಿಲ್ಲ. ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಅಪ್ಪ ಹೇಗೋ ಹೊಂದಿಸಿದ್ದಾರೆ ಅಂದುಕೊಂಡಿದ್ದೆ. ಅವ್ವನನ್ನು ಕೇಳಿದರೆ, ‘ನಿನಗ ಹೇಳಿ ಏನ್ ಮಾಡೂದಿತ್ತು? ನೀ ಪರೀಕ್ಷೆ ನೋಡ್ಕೊ’ ಅಂದಳು. ಒಂದು ಬ್ಲೌಸ್ ಹೊಲಿದರೆ ಅವಳಿಗೆ 140 ರೂಪಾಯಿ. ಅಂದರೆ ನನ್ನ ಕ್ಯಾಮೆರಾಕ್ಕೆ ವಾರಕ್ಕೆ ನಾಲ್ಕು ಬ್ಲೌಸು. ಇನ್ನೂ 34 ಕಂತು ಬಾಕಿ ಇತ್ತು, ಒಟ್ಟು 18,700 ರೂಪಾಯಿ.

ಹುಬ್ಬಳ್ಳಿಯ ಹಾಸ್ಟೆಲ್‌ಗೆ ಮರಳಿದ ದಿನವೇ ರೂಮಿನ ಕಬ್ಬಿಣದ ಕಾಟಿನ ಮೇಲೆ ನನ್ನ ಫೋಟೊಗ್ರಫಿ ಸಾಮಾನನ್ನೆಲ್ಲ ಹರಡಿ ಪಟ್ಟಿ ಮಾಡಿದೆ. ಕ್ಯಾನನ್ 1500ಡಿ ಕ್ಯಾಮೆರಾ, ಅದರ ಜತೆ ಬಂದ 18-55 ಮತ್ತು 55-250 ಲೆನ್ಸ್. ಆಮೇಲೆ ಸ್ಕಾಲರ್‌ಶಿಪ್ ದುಡ್ಡಲ್ಲಿ ತೆಗೆದುಕೊಂಡ 50 ಎಂಎಂ ಲೆನ್ಸ್. ಮೊಬೈಲ್‌ಗೆ ಒಂದು ಗಿಂಬಲ್. ಟ್ರೈಪಾಡ್ ಎರಡು. ಒಂದು ಅಲುಗಾಡುತ್ತದೆ ಎಂದು ಇನ್ನೊಂದನ್ನು ತಂದಿದ್ದೆ, ಮೊದಲನೆಯದನ್ನು ಎಸೆದಿರಲಿಲ್ಲ. ರಿಂಗ್ ಲೈಟ್, ಮೂರು ಫಿಲ್ಟರ್, ಬ್ಯಾಗು. ಗಾಜಿನ ಗುಂಡು ಕೂಡ ಒಂದಿತ್ತು. ಇನ್‌ಸ್ಟಾಗ್ರಾಂನಲ್ಲಿ ಯಾರೋ ಆ ಗುಂಡಿನೊಳಗೆ ತಲೆಕೆಳಗಾದ ಬೆಟ್ಟ ತೋರಿಸಿದ್ದರು, ನಾನೂ ತರಿಸಿದೆ. ಉಣಕಲ್ ಕೆರೆಯನ್ನು ಒಮ್ಮೆ ತಲೆಕೆಳಗು ಮಾಡಿದ ಮೇಲೆ ಅದು ಪೇಪರ್‌ವೇಟ್ ಆಗಿತ್ತು.

ಪಟ್ಟಿಯ ಕೊನೆಗೆ, ಬ್ಯಾಗಿನ ಅಡಿಯಲ್ಲಿ, ಹಳೆಯ ಕಾಲುಚೀಲದೊಳಗೆ ಸುತ್ತಿಟ್ಟಿದ್ದ ಕ್ಯಾನನ್ ಪವರ್‌ಶಾಟ್ ಎ480 ಸಿಕ್ಕಿತು. ನಾನು ಐದು ವರ್ಷದವಳಿದ್ದಾಗ ಅತ್ತೆಯ ಮದುವೆಗೆಂದು ಅಪ್ಪ ತಂದಿದ್ದ ಪುಟ್ಟ ಕ್ಯಾಮೆರಾ. ಮನೆಗೆ ಸ್ಮಾರ್ಟ್‌ಫೋನ್ ಬಂದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ‘ಹಾಸ್ಟೆಲಿಗೆ ಒಯ್ಯಿ, ಎಂದರೆ ಬೇಕಾದೀತು’ ಎಂದು ಅಪ್ಪ ಕೊಟ್ಟಿದ್ದನ್ನು ನಾನು ಎರಡು ವರ್ಷ ಮುಟ್ಟಿರಲಿಲ್ಲ.

ನನ್ನ ಲೆಕ್ಕ ಸರಳವಾಗಿತ್ತು. ಚಿಲ್ಲರೆ ಸಾಮಾನು, 50 ಎಂಎಂ ಲೆನ್ಸ್, ಈ ಹಳೇ ಡಬ್ಬಿ ಎಲ್ಲ ಮಾರುವುದು, ಬಂದದ್ದನ್ನು ಅವ್ವನಿಗೆ ಕೊಡುವುದು. ಡಿಎಸ್‌ಎಲ್‌ಆರ್ ಮಾತ್ರ ಇಟ್ಟುಕೊಳ್ಳುವುದು, ಏಕೆಂದರೆ ಅದು ‘ನಿಜವಾದ’ ಕ್ಯಾಮೆರಾ.

ಹಳೆ ಸಾಮಾನು ಮಾರುವ ಆ್ಯಪ್‌ನಲ್ಲಿ ಎಲ್ಲದರ ಚಿತ್ರ ಹಾಕಿದೆ. ಗಿಂಬಲ್‌ಗೆ ಎರಡು ಮೆಸೇಜ್ ಬಂದವು. ರಿಂಗ್ ಲೈಟ್ ಬಗ್ಗೆ ಒಬ್ಬರೂ ಕೇಳಲಿಲ್ಲ. ಆದರೆ ಹಳೇ ಡಬ್ಬಿಗೆ ಸಂಜೆಯೊಳಗೆ ಹನ್ನೊಂದು ಮೆಸೇಜ್! ಧಾರವಾಡದ ಒಬ್ಬ ಹುಡುಗ ‘ಸಿಸಿಡಿ ಸೆನ್ಸರ್ ಹೌದಲ್ಲಾ?’ ಎಂದು ಕೇಳಿ, ‘ಸ್ಯಾಂಪಲ್ ಫೋಟೊ ಕಳಿಸಿ, 3,500 ಕೊಡುತ್ತೇನೆ’ ಎಂದ. ನಾನು 600 ರೂಪಾಯಿ ಹಾಕಿದ್ದೆ!

ಆಮೇಲೆ ಗೊತ್ತಾಯಿತು, ಹದಿನೈದು ವರ್ಷ ಹಳೆಯ ಡಿಜಿಟಲ್ ಕ್ಯಾಮೆರಾಗಳು ಈಗ ಫ್ಯಾಷನ್. ಸಿಸಿಡಿಯ ಬಣ್ಣ ಈಗಿನ ಕ್ಯಾಮೆರಾಗಳಲ್ಲಿ ಬರುವುದಿಲ್ಲ, ಅದು ಫಿಲ್ಮ್‌ನಂತೆ ಕಾಣುತ್ತದೆ ಎಂದು ರೀಲ್ಸ್‌ನಲ್ಲಿ ಹೇಳುವವರು ಬಹಳ. ನಾನು ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಷನ್ ಓದುವವಳು. ಇಲ್ಲಿ ಸುಮ್ಮನಿರಲು ಆಗುವುದಿಲ್ಲ. ಸಿಸಿಡಿ 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಿಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಕಂಡುಹಿಡಿದದ್ದು. ನನ್ನ ಡಬ್ಬಿ ಮಾರುಕಟ್ಟೆಗೆ ಬಂದ 2009ರಲ್ಲೇ ಅವರಿಬ್ಬರಿಗೆ ಭೌತಶಾಸ್ತ್ರದ ನೊಬೆಲ್ ಕೂಡ ಬಂತು. ಮನೆಗೆ ಸ್ಲ್ಯಾಬ್ ಹಾಕುವಾಗ ಸಾಲಾಗಿ ನಿಂತವರು ಕಾಂಕ್ರೀಟಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಸಿಸಿಡಿಯಲ್ಲಿ ಹಾಗೆ. ಒಂದೊಂದು ಪಿಕ್ಸೆಲ್‌ನಲ್ಲಿ ಬೆಳಕಿನಿಂದ ಕೂಡಿದ ವಿದ್ಯುದಂಶ ಪಕ್ಕದ ಪಿಕ್ಸೆಲ್‌ಗೆ ದಾಟುತ್ತಾ ಕೊನೆಗೆ ಒಂದೇ ಬಾಗಿಲಲ್ಲಿ ಹೊರಬರುತ್ತದೆ. ಈಗಿನ ಸಿಮೋಸ್ ಸೆನ್ಸರ್‌ನಲ್ಲಿ ಪ್ರತಿ ಪಿಕ್ಸೆಲ್‌ಗೂ ಅದರದೇ ಆ್ಯಂಪ್ಲಿಫೈಯರ್ ಇರುತ್ತದೆ. ಎರಡಕ್ಕೂ ಬಣ್ಣ ಗೊತ್ತಿಲ್ಲ! ಮೇಲೆ ಹೊದಿಸಿದ ಕೆಂಪು, ಹಸಿರು, ನೀಲಿಯ ಸಣ್ಣ ಫಿಲ್ಟರ್‌ಗಳು ಮತ್ತು ಒಳಗಿನ ಚಿಪ್ ಮಾಡುವ ಲೆಕ್ಕಾಚಾರ ಬಣ್ಣವನ್ನು ತೀರ್ಮಾನಿಸುತ್ತವೆ. ಹಾಗಾಗಿ ಸಿಸಿಡಿ ಎಂಬ ಮೂರಕ್ಷರಕ್ಕೆ ಐದು ಪಟ್ಟು ದುಡ್ಡು ಕೊಡುವ ಮೊದಲು ಯೋಚಿಸಿ. ನನ್ನ ಡಬ್ಬಿಯನ್ನು ಕೊಳ್ಳಲು ಬಂದವರಿಗೂ ಇದನ್ನೇ ಹೇಳಿದೆ. ಒಳ್ಳೆಯ ವ್ಯಾಪಾರಸ್ಥೆ ಅಲ್ಲ ನಾನು.

ಆದರೂ 3,500 ಎಂದರೆ ಆರು ಕಂತಿನ ದುಡ್ಡು. ಹೀಗಾಗಿ ಸ್ಯಾಂಪಲ್ ಫೋಟೊ ತೆಗೆಯಲು ಹೊರಟೆ. ಎರಡು ಪೆನ್ಸಿಲ್ ಸೆಲ್ ಹಾಕಿದೊಡನೆ ಅದು ಕುಂಯ್ ಎಂದು ಮೂತಿ ಹೊರಗೆ ಹಾಕಿತು. ಭಾನುವಾರ ಬೆಳಿಗ್ಗೆ ದುರ್ಗದಬೈಲಿಗೆ ಹೋದೆ.

ಅಲ್ಲಿಗೆ ಡಿಎಸ್‌ಎಲ್‌ಆರ್ ಹಿಡಿದು ಒಮ್ಮೆ ಹೋಗಿದ್ದೆ. ಆಗಿನ ಅನುಭವ ನೆನಪಿದೆ. ಮೂರು ಹುಡುಗರು ಹಿಂದೆ ಬಂದು ‘ನಮ್ದೂ ಒಂದ್ ತಗೀರಿ ಮೇಡಮ್’ ಎಂದರು. ಒಬ್ಬ ಅಂಗಡಿಯವರು ‘ಯಾವ ಚಾನೆಲ್ಲು, ಯಾರ ಪರ್ಮಿಷನ್?’ ಎಂದರು. ಬಾಳೆಹಣ್ಣು ಮಾರುವ ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಹುಡುಗಿ, ಅದರ ಮೇಲೆ ದೊಡ್ಡ ಕ್ಯಾಮೆರಾ. ಅರ್ಧ ಗಂಟೆಯಲ್ಲಿ ವಾಪಸ್ ಬಂದು ಆಮೇಲೆ ಹಾಸ್ಟೆಲ್ ತಾರಸಿಯ ಹೂಕುಂಡಗಳನ್ನೇ ತೆಗೆಯುತ್ತಾ ಕೂತಿದ್ದೆ.

ಈ ಸಲ ಯಾರೂ ನನ್ನನ್ನು ಗಮನಿಸಲಿಲ್ಲ. ಅದೇ ಅಜ್ಜಿ ‘ಅದು ಚಾಲೂ ಐತೇನವ್ವಾ?’ ಎಂದು ನಕ್ಕರು. ಕ್ಲಿಕ್ ಒತ್ತಿ ಒಂದು ಕ್ಷಣ ಬಿಟ್ಟು ಫೋಟೊ ಬೀಳುತ್ತದೆ, ಅಷ್ಟರಲ್ಲಿ ನಗು ಮುಗಿದಿರುತ್ತದೆ. ಮೂರ್ನಾಲ್ಕು ಸಲ ಮೋಸ ಹೋದ ಮೇಲೆ, ನಗು ಬರುವ ಮೊದಲೇ ಒತ್ತಬೇಕು ಎಂದು ಗೊತ್ತಾಯಿತು. ಅದಕ್ಕೆ ಮುಖ ನೋಡುತ್ತಿರಬೇಕು, ಸ್ಕ್ರೀನ್ ಅಲ್ಲ. ಬಿಸಿಲಿಗೆ ಆ ಸಣ್ಣ ಸ್ಕ್ರೀನ್ ಹೇಗೂ ಕಾಣುವುದಿಲ್ಲ ಬಿಡಿ.

ರೂಮಿಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ಹಾಕಿದಾಗ ಮೊದಲು ಕಂಡದ್ದು ಕೊರತೆಗಳೇ. ನೆರಳಿದ್ದಲ್ಲಿ ರವೆ ಚೆಲ್ಲಿದ ಹಾಗೆ ಕಾಳುಕಾಳು. ಆಕಾಶ ಪೂರ್ತಿ ಬಿಳಿ. ಆದರೆ ಇನ್ನೊಂದು ಸಂಗತಿ ಕಂಡಿತು, ನಾನು ಹೇಳಬೇಕೆಂದಿರುವುದು ಅದರ ಬಗ್ಗೆ. ಅಜ್ಜಿಯ ಹಿಂದೆ ಅಂಗಡಿ ಇತ್ತು. ಅಂಗಡಿಯ ಬೋರ್ಡ್ ಓದಲು ಬರುತ್ತಿತ್ತು. ಅದರ ಕೆಳಗೆ ಒಬ್ಬಾತ ಚಹಾ ಬಸಿಯನ್ನು ಬಾಯಿಗಿಟ್ಟು ಊದುತ್ತಿದ್ದ. ಇನ್ನೂ ಹಿಂದೆ ಒಂದು ಹಸು ಹೂಕೋಸಿನ ರಾಶಿಯತ್ತ ಕುತ್ತಿಗೆ ಚಾಚಿತ್ತು, ಒಬ್ಬ ಹುಡುಗ ಅದನ್ನು ಓಡಿಸಲು ಕೈ ಎತ್ತಿದ್ದ.

ನನ್ನ 50 ಎಂಎಂ ಲೆನ್ಸ್‌ನಲ್ಲಿ ತೆಗೆದ ಚಿತ್ರಗಳ ಫೋಲ್ಡರ್ ತೆರೆದೆ. ಎಲ್ಲ ಮುಖಗಳೂ ಚೆಂದ, ಹಿಂದೆ ಎಲ್ಲೆಲ್ಲೂ ಬೆಣ್ಣೆಯಂಥ ಮಸುಕು. ಗೆಳತಿ ಎಲ್ಲಿ ನಿಂತಿದ್ದಾಳೆ? ಕಾಲೇಜಿನಲ್ಲೋ, ಬಸ್‌ಸ್ಟ್ಯಾಂಡಿನಲ್ಲೋ, ಅವಳ ಅಕ್ಕನ ಮದುವೆಯಲ್ಲೋ? ನನಗೇ ನೆನಪಾಗಲಿಲ್ಲ. ಕಣ್ಣು ಕುಕ್ಕುವ ಹಿನ್ನೆಲೆಯನ್ನು ಅಳಿಸಿಬಿಟ್ಟರೆ ಫೋಟೊ ‘ಪ್ರೊಫೆಷನಲ್’ ಆಗುತ್ತದೆ ಎಂದು ನಂಬಿ, ಹದಿನಾರು ತಿಂಗಳು ನಾನು ಹುಬ್ಬಳ್ಳಿಯನ್ನೇ ಅಳಿಸುತ್ತಾ ಬಂದಿದ್ದೆ.

ಇದು ಡಬ್ಬಿಯ ದೊಡ್ಡತನವಲ್ಲ, ಅದರ ಬಡತನ. ಅದರ ಸೆನ್ಸರ್ ಕಿರುಬೆರಳ ಉಗುರಿಗಿಂತ ಚಿಕ್ಕದು, ಸುಮಾರು 6.2 ಮಿಲಿಮೀಟರ್ ಅಗಲ, 4.6 ಎತ್ತರ. ಡಿಎಸ್‌ಎಲ್‌ಆರ್‌ನದು 22.3 ಅಗಲ, 14.9 ಎತ್ತರ. ವಿಸ್ತೀರ್ಣದಲ್ಲಿ ಹನ್ನೊಂದು ಪಟ್ಟಿಗೂ ಹೆಚ್ಚು. ಸೆನ್ಸರ್ ಚಿಕ್ಕದಾದಷ್ಟೂ ಲೆನ್ಸಿನ ಫೋಕಲ್ ಲೆಂಗ್ತ್ ಕಡಿಮೆ ಇರಬೇಕಾಗುತ್ತದೆ, ಅದು ಕಡಿಮೆಯಾದಷ್ಟೂ ಹತ್ತಿರದ್ದು ದೂರದ್ದು ಎಲ್ಲವೂ ಸ್ಪಷ್ಟ. ಮಸುಕು ಮಾಡುತ್ತೇನೆಂದರೂ ಅದಕ್ಕೆ ಆಗುವುದಿಲ್ಲ. ಹಾಗಾಗಿ ಹಿಂದೆ ಏನಿದೆ ಎಂದು ನಾನೇ ನೋಡಬೇಕು, ಬೇಡವಾದದ್ದಿದ್ದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಬೇಕು. ಡಿಎಸ್‌ಎಲ್‌ಆರ್ ಹಿಡಿದಾಗ ನಾನು ಒಂದು ಹೆಜ್ಜೆಯನ್ನೂ ಸರಿದವಳಲ್ಲ, ರಿಂಗ್ ತಿರುಗಿಸಿದರೆ ಸಾಕಿತ್ತು.

‘ಮೊಬೈಲ್ ಇಲ್ಲವಾ?’ ಎಂದು ನೀವು ಕೇಳಬಹುದು. ಇದೆ. ನನ್ನ 14 ಸಾವಿರದ ಮೊಬೈಲ್ ಈ ಡಬ್ಬಿಗಿಂತ ಚೆನ್ನಾಗಿ ಫೋಟೊ ತೆಗೆಯುತ್ತದೆ, ಅದರಲ್ಲಿ ವಾದವಿಲ್ಲ. ಒಂದು ಕ್ಲಿಕ್‌ಗೆ ಹಲವು ಫ್ರೇಮ್ ತೆಗೆದು ಒಂದರ ಮೇಲೊಂದು ಕೂಡಿಸಿ ಆಕಾಶವನ್ನೂ ನೆರಳನ್ನೂ ಉಳಿಸುತ್ತದೆ. ಆದರೆ ಮೊಬೈಲ್ ತೆಗೆದರೆ ಮೊದಲು ಕಾಣುವುದು ಪ್ಲೇಸ್‌ಮೆಂಟ್ ಗ್ರೂಪಿನ 46 ಮೆಸೇಜ್. ಆಮೇಲೆ ಇಂಟರ್ನಲ್ಸ್ ತಾರೀಖು. ಆಮೇಲೆ ಯಾರದೋ ಸ್ಟೇಟಸ್. ಹಸು ಅಷ್ಟರಲ್ಲಿ ಹೂಕೋಸು ತಿಂದು ಹೋಗಿರುತ್ತದೆ. ಜತೆಗೆ, ಮೊಬೈಲ್‌ನಲ್ಲಿ ಫೋಟೊ ತೆಗೆಯುವಾಗಲೇ ಅದಕ್ಕೆ ಎಷ್ಟು ಲೈಕ್ ಬರಬಹುದು ಎಂಬ ಲೆಕ್ಕ ತಲೆಯಲ್ಲಿ ಓಡುತ್ತದೆ. ನನಗೆ ಓಡುತ್ತದೆ, ನಿಮಗೆ ಓಡದಿದ್ದರೆ ಸಂತೋಷ.

ಧಾರವಾಡದ ಹುಡುಗನಿಗೆ ಸ್ಯಾಂಪಲ್ ಕಳಿಸಲಿಲ್ಲ. ಎರಡು ವಾರ ಡಬ್ಬಿಯನ್ನು ಕೈಯಲ್ಲಿ ಹಿಡಿದೇ ಓಡಾಡಿದೆ. ಹುಬ್ಬಳ್ಳಿ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರಂ ಜಗತ್ತಿನಲ್ಲೇ ಉದ್ದದ್ದು ಎನ್ನುತ್ತಾರೆ. 2023ರಲ್ಲಿ ಉದ್ಘಾಟನೆಯಾದಾಗ ಎಲ್ಲರೂ ಅದರ ಉದ್ದವನ್ನೇ ಫೋಟೊ ತೆಗೆದರು. ನಾನು ಒಂದು ಸಂಜೆ ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು ಹೋಗಿ, ಅಷ್ಟುದ್ದ ಚೀಲ ಹೊತ್ತು ನಡೆಯುವವರು ಎಲ್ಲೆಲ್ಲಿ ಇಳಿಸಿ ದಣಿವಾರಿಸಿಕೊಳ್ಳುತ್ತಾರೆ ಎಂಬುದನ್ನು ತೆಗೆದೆ. ಕತ್ತಲಾದ ಮೇಲೆ ಒಂದೂ ಚೆನ್ನಾಗಿ ಬರಲಿಲ್ಲ. ಫ್ಲ್ಯಾಶ್ ಒಮ್ಮೆ ಹೊಡೆದರೆ ಮತ್ತೆ ತಯಾರಾಗಲು ಅದಕ್ಕೆ ಬೇಕಾದಷ್ಟು ಹೊತ್ತು. ಅಷ್ಟರಲ್ಲಿ ಒಂದು ಗಾಡಿ ಬಂದು ಹೋಗಬಹುದು!

ಅಷ್ಟು ಹೊತ್ತಿಗೆ ಡಿಎಸ್‌ಎಲ್‌ಆರ್ ಕೊಟ್ಟರೆ ಎಷ್ಟು ಬಂದೀತು ಎಂದು ವಿಚಾರಿಸುವ ಧೈರ್ಯ ಬಂದಿತ್ತು. ಕೊಪ್ಪಿಕರ್ ರಸ್ತೆಯ ಕಡೆ ಹಳೆ ಕ್ಯಾಮೆರಾ ಕೊಳ್ಳುವ ಒಂದು ಅಂಗಡಿಗೆ ಹೋದೆ. ಅಂಗಡಿಯ ಕಾಕಾ ಅದನ್ನು ಕಂಪ್ಯೂಟರ್‌ಗೆ ಜೋಡಿಸಿ ಶಟರ್ ಕೌಂಟ್ ನೋಡಿದರು. ಕ್ಯಾಮೆರಾದ ಶಟರ್ ಎಷ್ಟು ಸಲ ತೆರೆದಿದೆ ಎಂಬ ಲೆಕ್ಕ ಅದು, ಬೈಕಿಗೆ ಕಿಲೋಮೀಟರ್ ಇದ್ದ ಹಾಗೆ. 4,312. ಕಾಕಾ ನನ್ನ ಕಡೆ ತಿರುಗಿ ಹೇಳಿದರು: ‘ತಂಗಿ, ಕ್ಯಾಮೆರಾ ಹೊಸಾದಿದ್ದಂಗ ಐತಿ. ನೀ ಇದ್ರಾಗ ಫೋಟೊನ ತಗದಿಲ್ಲಲ್ಲ.’

ಹೊಗಳಿದ್ದೇ ಇರಬೇಕು. ನನಗೆ ಮಾತ್ರ ಕಪಾಳಕ್ಕೆ ಬಿದ್ದ ಹಾಗಾಯಿತು. ರೂಮಿಗೆ ಬಂದು ಫೋಲ್ಡರ್‌ಗಳ ತಾರೀಖು ನೋಡಿದೆ. ಅದರಲ್ಲಿ ಮೂರು ಸಾವಿರದಷ್ಟು ಮೊದಲ ಎರಡು ತಿಂಗಳಿನವು. ಕೊನೆಯ ನಾಲ್ಕು ತಿಂಗಳಲ್ಲಿ ತೆಗೆದದ್ದು 61. ಅದೇ ನಾಲ್ಕು ತಿಂಗಳಲ್ಲಿ ಲೆನ್ಸ್ ಹೋಲಿಕೆಯ ವಿಡಿಯೊಗಳನ್ನು ಎಷ್ಟು ನೋಡಿದ್ದೆನೋ ಲೆಕ್ಕವಿಲ್ಲ. ಪ್ರತಿ ವಿಡಿಯೊ ನೋಡಿದಾಗಲೂ ಫೋಟೊಗ್ರಫಿ ಮಾಡಿದೆ ಎಂಬ ಸಮಾಧಾನ ಸಿಗುತ್ತಿತ್ತು.

ಇದು ಕ್ಯಾಮೆರಾಕ್ಕಷ್ಟೇ ಅಂಟಿದ ರೋಗ ಅಂದುಕೊಂಡಿದ್ದೆ. ಹಾಗಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಆಫರ್ ಇದ್ದಾಗ 449 ರೂಪಾಯಿಗೊಂದರಂತೆ ಕೊಂಡ ಆನ್‌ಲೈನ್ ಕೋರ್ಸ್‌ಗಳು ಆರಿವೆ. ವೆರಿಲಾಗ್, ಪೈಥಾನ್, ಎಂಬೆಡೆಡ್ ಸಿ, ಇನ್ನೂ ಏನೇನೋ. ಒಂದನ್ನು 12 ಪರ್ಸೆಂಟ್ ಮುಗಿಸಿದ್ದೇನೆ, ಉಳಿದವು ಪರಿಚಯದ ವಿಡಿಯೊ ದಾಟಿಲ್ಲ. ನಮ್ಮ ಫ್ಲೋರಿನಲ್ಲಿ ಯಾರನ್ನು ಕೇಳಿದರೂ ಇದೇ ಕಥೆ. ರೂಮ್‌ಮೇಟ್‌ಳ ಕಪಾಟಿನಲ್ಲಿ ಆಪ್ಟಿಟ್ಯೂಡ್ ಪುಸ್ತಕ ಮೂರು, ಮೂರಕ್ಕೂ ಹೊಸ ಪುಸ್ತಕದ ವಾಸನೆ ಹೋಗಿಲ್ಲ. ಕೊಂಡ ಕ್ಷಣದಲ್ಲಿ ಕಲಿತಷ್ಟೇ ಖುಷಿಯಾಗುತ್ತದೆ, ಅದೇ ತೊಂದರೆ. ಕಂಪನಿಗಳು ನಮ್ಮ ಈ ಖುಷಿಯನ್ನು ಚೆನ್ನಾಗಿ ಬಲ್ಲವು, ‘ನೋ ಕಾಸ್ಟ್ ಇಎಂಐ’ ಎಂಬ ಗುಂಡಿಯನ್ನು ಅದಕ್ಕೇ ಅಷ್ಟು ದೊಡ್ಡದಾಗಿ ಇಟ್ಟಿರುವುದು. ಕಾಸ್ಟ್ ಇಲ್ಲದೆ ಏನಿಲ್ಲ. ಅದು ಯಾರದೋ ಹೊಲಿಗೆ ಯಂತ್ರದ ಖಾನೆಯಲ್ಲಿ ಇರುತ್ತದೆ.

ಹಾಗೆಂದು ‘ಕ್ಯಾಮೆರಾ ಮುಖ್ಯವಲ್ಲ, ಕಣ್ಣು ಮುಖ್ಯ’ ಎಂದು ವೇದಿಕೆಯ ಮೇಲೆ ಹೇಳುವವರ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಹಾಗೆ ಹೇಳುವವರ ಕುತ್ತಿಗೆಯಲ್ಲಿ ಸಾಮಾನ್ಯವಾಗಿ ಲಕ್ಷದ ಕ್ಯಾಮೆರಾ ನೇತಾಡುತ್ತಿರುತ್ತದೆ. ನಮ್ಮೂರಿನ ಹತ್ತಿರದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯಕ್ಕೆ ಈ ಡಬ್ಬಿ ಒಯ್ದು ಕಣ್ಣು ಮುಖ್ಯ ಎನ್ನಿ ನೋಡೋಣ, ಹುಲ್ಲಿನ ನಡುವೆ ಕಂದು ಚುಕ್ಕೆ ಬರುತ್ತದೆ. 55-250 ಲೆನ್ಸ್‌ಗೂ ಅವು ಹತ್ತಿರ ಬರುತ್ತಿರಲಿಲ್ಲ. ಹಕ್ಕಿ, ಕ್ರಿಕೆಟ್, ರಾತ್ರಿಯ ನಾಟಕ ತೆಗೆಯುವವರಿಗೆ ಒಳ್ಳೆಯ ಉಪಕರಣ ಬೇಕೇ ಬೇಕು, ಅದಕ್ಕೆ ಸಾಲ ಮಾಡಿದರೂ ನಾನು ತಪ್ಪೆನ್ನುವುದಿಲ್ಲ. ಆದರೆ ನಾನು ಏನು ತೆಗೆಯುವವಳು ಎಂಬುದೇ ನನಗೆ ಗೊತ್ತಿರಲಿಲ್ಲ, ಸಾಲ ಮೊದಲೇ ಆಗಿಹೋಗಿತ್ತು. ನನ್ನ ತಕರಾರು ಇಷ್ಟೇ.

ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಲು ಶುರು ಮಾಡಿದ್ದೂ ಈ ಗಲಾಟೆಯ ನಡುವೆಯೇ. ಸಿಡುಬು ನಿರ್ಮೂಲನದ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಗಾಗಿ ಹಳ್ಳಿಹಳ್ಳಿ ಸುತ್ತಿ ಚಿತ್ರಿಸಿದವರು ಅವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರ ಮಕ್ಕಳ ಹಿಂದೆ ಗೋಡೆ ಇರುತ್ತದೆ, ಓಣಿ ಇರುತ್ತದೆ, ಇಣುಕುವ ಇನ್ನೊಂದು ಮಗು ಇರುತ್ತದೆ. ನಾನು ಅದನ್ನೆಲ್ಲ ಮಸುಕಾಗಿಸಿ ಬರೀ ಮುಖ ತೆಗೆಯುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು.

ಕೊನೆಗೆ ಪಟ್ಟಿ ತಿರುಗುಮುರುಗಾಯಿತು. ಡಿಎಸ್‌ಎಲ್‌ಆರ್ ಮತ್ತು ಅದರ ಎರಡೂ ಲೆನ್ಸ್ ಕಾಕಾನ ಅಂಗಡಿಗೆ 21,500ಕ್ಕೆ ಹೋದವು. ಗಿಂಬಲ್‌ಗೆ 2,000 ಬಂತು. 50 ಎಂಎಂ ಅನ್ನು ಕಾಲೇಜಿನ ಜೂನಿಯರ್ ಒಬ್ಬಳಿಗೆ ಕಂತಿನಲ್ಲಿ ಕೊಟ್ಟೆ, ಅವಳು ನಿಜಕ್ಕೂ ಮುಖಗಳನ್ನು ಚೆನ್ನಾಗಿ ತೆಗೆಯುತ್ತಾಳೆ. ರಿಂಗ್ ಲೈಟ್ ಈಗ ರೂಮಿನ ಓದುವ ದೀಪ. ಗಾಜಿನ ಗುಂಡು ಇನ್ನೂ ಪೇಪರ್‌ವೇಟ್.

18,700 ರೂಪಾಯಿ ಒಯ್ದು ಅವ್ವನ ಕೈಗೆ ಕೊಟ್ಟಾಗ ಸಿನಿಮಾದ ಹಾಗೆ ಅವಳು ಕಣ್ಣೊರೆಸಿಕೊಂಡು ಅಪ್ಪಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳಿಗೆ ಸಿಟ್ಟು ಬಂತು. ‘ಮಂದಿ ಮುಂದ ಹೇಳ್ಕೋತ ಅಡ್ಡಾಡೀನಿ, ನನ್ನ ಮಗಳು ದೊಡ್ಡ ಕ್ಯಾಮೆರಾ ತಗೊಂಡಾಳ ಅಂತ. ಈಗ ಅವರಿಗೆ ಏನ್ ಹೇಳ್ಲಿ? ಕಂತು ನಾ ಕಟ್ತಿದ್ದಿಲ್ಲೇನು?’ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅವಳ ಮಾತಲ್ಲೂ ನ್ಯಾಯವಿತ್ತು. ನಾಲ್ಕು ಬ್ಲೌಸು ಅವಳಿಗೆ ಬರೀ ಸಾಲದ ಕಂತಾಗಿರಲಿಲ್ಲ, ಅದರಲ್ಲಿ ಅವಳದ್ದೂ ಒಂದು ಆಸೆ ಇತ್ತು. ಮಾರುವ ಮುಂಚೆ ಅವಳನ್ನು ಕೇಳಬೇಕಿತ್ತು. ಕೊಳ್ಳುವಾಗಲೂ ಕೇಳಿರಲಿಲ್ಲ, ಮಾರುವಾಗಲೂ ಕೇಳಲಿಲ್ಲ.

ನಷ್ಟವೂ ಆಗಿದೆ. ಮಾರಿದ ತಿಂಗಳೊಪ್ಪತ್ತಿನಲ್ಲೇ ಸೀನಿಯರ್ ಒಬ್ಬರು ನಿಶ್ಚಿತಾರ್ಥದ ಫೋಟೊ ತೆಗೆಯಲು ಕರೆದರು, 3,000 ಕೊಡುತ್ತೇವೆ ಎಂದರು. ನನ್ನ ಡಬ್ಬಿ ತೋರಿಸಿದರೆ ನಕ್ಕು ಬೇರೆಯವರನ್ನು ಕರೆದರು. ಆ ದಿನ ಸ್ವಲ್ಪ ಹೊಟ್ಟೆ ಉರಿಯಿತು.

ಫೆಬ್ರುವರಿಯಲ್ಲಿ ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಮೆಣಸಿನಕಾಯಿ ಸೀಸನ್ ಜೋರಾಗಿತ್ತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಖಾರ ಕಡಿಮೆ, ಬಣ್ಣ ಹೆಚ್ಚು. ಹೊರಗಿನಿಂದ ಕ್ಯಾಮೆರಾ ಹಿಡಿದು ಬರುವವರೆಲ್ಲ ತೆಗೆಯುವುದು ಆ ಕೆಂಪು ರಾಶಿಯನ್ನೇ. ನಾನೂ ಮೊದಲ ವರ್ಷ 55-250 ಹಾಕಿ ಅದನ್ನೇ ತೆಗೆದು ಹಾಕಿದ್ದೆ, 300 ಲೈಕ್ ಬಂದಿತ್ತು. ಈ ಸಲ ಅಪ್ಪನ ಬುತ್ತಿ ಕೊಡಲು ಹೋದವಳು, ತೊಟ್ಟು ಬಿಡಿಸುವ ಹೆಂಗಸರ ನಡುವೆ ಕೂತು ಡಬ್ಬಿ ತೆಗೆದೆ. ಘಾಟಿಗೆ ನಾನು ಸೀನುತ್ತಲೇ ಇದ್ದೆ. ಅವರು ಸೀನದೆ ಮಾತಾಡುತ್ತಾ, ಬೆರಳು ನಿಲ್ಲಿಸದೆ ಕೆಲಸ ಮಾಡುತ್ತಿದ್ದರು. ಒಬ್ಬ ದೊಡ್ಡಮ್ಮ ‘ನನ್ನ ಫೋಟೊ ತಗದ್ಯಲ್ಲ, ನನಗ ಕೊಡೋದಿಲ್ಲೇನು?’ ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಹೀಗೆ ಕೇಳಿದವರು ಅವರೇ ಮೊದಲು. ಮೊದಲೆಲ್ಲ ನಾನು ಕೇಳುವಷ್ಟು ಹೊತ್ತು ಕೂತವಳೇ ಅಲ್ಲ.

ಸ್ಟುಡಿಯೊದಲ್ಲಿ 15 ರೂಪಾಯಿ ಕೊಟ್ಟು ಪ್ರಿಂಟ್ ಹಾಕಿಸಿ ಮೂರನೇ ದಿನ ಒಯ್ದು ಕೊಟ್ಟೆ. ದೊಡ್ಡಮ್ಮ ಕೈಯನ್ನು ಸೀರೆಗೆ ಒರೆಸಿಕೊಂಡು, ಫೋಟೊವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಬೆರಳು ತಮ್ಮ ಮುಖವನ್ನು ದಾಟಿ ಹಿಂದಕ್ಕೆ ಹೋಗಿ, ರಾಶಿಯ ಆಚೆ ಕೂತಿದ್ದ ಹೆಂಗಸಿನ ಮೇಲೆ ನಿಂತಿತು. ‘ಈಕಿ ಯಾಕ್ ಬಂದಾಳ ನನ್ನ ಫೋಟೊದಾಗ? ನಮ್ಮ ನೆಗೆಣ್ಣಿ. ಎರಡು ವರ್ಷ ಆತು ನಾವು ಮಾತಾಡಿಲ್ಲ.’

ನಾನು ಏನು ಹೇಳಬೇಕೋ ತಿಳಿಯದೆ, ಬೇರೆ ಪ್ರಿಂಟ್ ಹಾಕಿಸಿಕೊಡಲೇ ಎಂದು ಕೇಳಿದೆ.

‘ಬ್ಯಾಡ ಬಿಡು’ ಎಂದು ಅವರು ಫೋಟೊವನ್ನು ಎಲೆ ಅಡಿಕೆಯ ಚೀಲಕ್ಕೆ ಸೇರಿಸಿದರು. ಸ್ವಲ್ಪ ಹೊತ್ತಿನ ಮೇಲೆ, ತೊಟ್ಟು ಬಿಡಿಸುತ್ತಲೇ, ತಲೆ ಎತ್ತದೆ ಹೇಳಿದರು: ‘ಹಾಕಿಸ್ತೀದ್ರ ಇದನ್ನ ಇನ್ನೊಂದ್ ಹಾಕ್ಸು. ಆಕಿಗೂ ಒಂದ್ ಇರ್ಲಿ.’